ಅರಸೀಕೆರೆಯ ಆ ಅಣ್ಣನಿಗೆ

ನಿಮ್ಮ ಹೆಸರು ಕೇಳಲೇ ಇಲ್ಲ ಅಣ್ಣಾ, ಅದೇ ಬೇಜಾರು. ಅವತ್ತು ಅರಸೀಕೆರೆ ರೈಲು ನಿಲ್ದಾಣದ ಹೊರಗೆ, ಕಾರು ಸ್ಟಾರ್ಟ್ ಮಾಡುವ ಇಗ್ನಿಷನ್ ಲಾಕಿನಲ್ಲಿ ಕೀ ತಿರುಗದೆ ಬೆವರುತ್ತಿದ್ದವನು ನಾನು. 22 ವರ್ಷದ ಹಳೇ ಕಾರು.

ನೀವು ಬಂದವರೇ ಸ್ಟೇರಿಂಗ್ ಆಚೀಚೆ ಅಲ್ಲಾಡಿಸಿ ನೋಡಿದಿರಿ. ಆಮೇಲೆ ನನ್ನ ಕೀ ಗೊಂಚಲು ನೋಡಿ ನಕ್ಕಿರಿ. ಮನೆ, ಗೇಟು, ಬೀರು, ಸ್ಕೂಟರ್, ಎಲ್ಲದರ ಕೀ ಅದರಲ್ಲೇ! "ಇಷ್ಟು ಭಾರ ನೇತಾಡಿದ್ರೆ ಲಾಕ್ ಸವೆಯದೆ ಇನ್ನೇನು ಸಾರ್?" ಒಳಗಿನ ತೆಳು ತಗಡುಗಳು ಸವೆದು ಕೀಯ ಹಲ್ಲಿಗೆ ಕೂರುತ್ತಿಲ್ಲ ಎಂದಿರಿ. ಕೀಯನ್ನು ಕೂದಲೆಳೆಯಷ್ಟು ಹೊರಗೆಳೆದು ತಿರುಗಿಸಿದಿರಿ. ಕಾರು ಸ್ಟಾರ್ಟ್ ಆಯಿತು! ಊರು ಮುಟ್ಟಲು ಸಾಕು, ಲಾಕ್ ಮಾತ್ರ ಬದಲಾಯಿಸಿ ಎಂದಿರಿ.

ಬದಲಾಯಿಸಿದೆ, ನಾನೇ. ನೀವು ಹೇಳಿದಂತೆ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿದೆ. ಲಾಕ್ ಹಿಡಿದಿದ್ದ ಎರಡು ಬೋಲ್ಟಿಗೂ ತಲೆಯೇ ಇರಲಿಲ್ಲ. ಕಳ್ಳರು ಬಿಚ್ಚಬಾರದೆಂದು, ಬಿಗಿ ಮಾಡುವಾಗಲೇ ತಲೆ ಮುರಿಯುವಂತೆ ಮಾಡಿರುತ್ತಾರೆ ಎಂದು ನೀವು ಮೊದಲೇ ಹೇಳದಿದ್ದರೆ ಅಲ್ಲೇ ಕೈಚೆಲ್ಲುತ್ತಿದ್ದೆ. ಅಂಚಿಗೆ ಸಣ್ಣ ಉಳಿ ಇಟ್ಟು, ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಟ್ಟುತ್ತಾ ಹೋದೆ. ಮುಕ್ಕಾಲು ಗಂಟೆ. ಬೆರಳಿಗೂ ಎರಡು ಏಟು ಬಿತ್ತು (ಮನೆಯವಳು ಸುಮ್ನೆ ನೋಡುತ್ತಾ ನಿಂತಿದ್ದಳು). ಕೊನೆಗೆ ಬೋಲ್ಟ್ ಅಲುಗಿತು. ಆ ಖುಷಿ ನಿಮಗೆ ಗೊತ್ತಿರುತ್ತೆ ಅಲ್ವಾ?

ಈಗ ಬಾಗಿಲಿಗೊಂದು ಕೀ, ಇಗ್ನಿಷನ್‌ಗೊಂದು ಕೀ. ಪರವಾಗಿಲ್ಲ, ಎರಡೂ ಗೊಂಚಲಿನಿಂದ ಆಚೆಗಿವೆ. ದುಡ್ಡು ಬೇಡವೆಂದಿರಿ, ಟೀಗೂ ನಿಲ್ಲಲಿಲ್ಲ. ತುಂಬಾ ಥ್ಯಾಂಕ್ಸ್ ಅಣ್ಣಾ. ಆ ಟೀ ಇನ್ನೂ ಬಾಕಿ ಇದೆ.