ಕೊನೆಯ ನಾಲ್ಕು ಸಾಲು ತೆಗೆದುಬಿಡು

ತಂಗಿ,

ಕಾಗದ ಬಂತು, ಕವಿತೆಗಳೂ ಬಂದವು. ಮೊದಲು ಬೈದುಬಿಡುತ್ತೇನೆ. ಯಾವುದೋ ಸ್ಪರ್ಧೆಯಲ್ಲಿ ತೀರ್ಪುಗಾರರು ಮೂಗು ಮುರಿದರಂತೆ, ಅದಕ್ಕೆ ನೀನು ಇನ್ನು ಮೇಲೆ ಬರೆಯೋದಿಲ್ಲವಂತೆ. ಬರೆಯೋದಿಲ್ಲ ಅಂತ ಹೇಳೋಕೆ ಮೂರು ಪುಟ ಬರೆದಿದ್ದೀಯಲ್ಲ, ಅದಕ್ಕೇನು ಅನ್ನಲಿ? "ಮಕ್ಕಳು ನಾಡು-ನುಡಿ ಬಗ್ಗೆ ಬರೀಬೇಕು, ನಳದ ನೀರಿನ ಬಗ್ಗೆ ಅಲ್ಲ" ಅಂದರಂತೆ. ಅನ್ನಲಿ ಬಿಡು. ನವೆಂಬರ್ ಬಂದರೆ ಹುಬ್ಬಳ್ಳಿ-ಧಾರವಾಡದ ಹುಡುಗರೆಲ್ಲ ಭುವನೇಶ್ವರಿಯ ಮೇಲೆ ಒಂದೇ ಕವಿತೆ ಓದುತ್ತಾರೆ, ಕವಿಯ ಹೆಸರಷ್ಟೇ ಬೇರೆ. ಅದನ್ನು ಕೇಳಿ ಕೇಳಿ ಅವರಿಗೂ ರೂಢಿ ಆಗಿಹೋಗಿದೆ.

ನೀವು ನಾಲ್ಕೈದು ಜನ ಸೇರಿ ತಿಂಗಳಿಗೊಮ್ಮೆ ಊರ ಮುಂದೆ ಕವಿತೆ ಓದಬೇಕು ಅಂತಿದ್ದೀರಿ. ಹಾಲ್ ಸಿಗುತ್ತಾ, ಪುಸ್ತಕ ಮಾಡಿಸಬೇಕಾ, ಛಂದಸ್ಸು ಕಲೀಬೇಕಾ ಅಂತ ಕೇಳಿದ್ದೀಯ. ಕೇಳಿದರೆ ಸಿಗುತ್ತೆ, ಈಗಲೇ ಬೇಡ, ಕಲಿ. ಆಯ್ತಲ್ಲ? ನನ್ನ ತಕರಾರು ಬೇರೆ ಇದೆ.

ಆ ನೀರಿನ ಕವಿತೆ. ಎಂಟನೇ ದಿನ, ನಸುಕಿನ ಮೂರು ಗಂಟೆ, ನಳದೊಳಗೆ ಮೊದಲು ಬರೀ ಗಾಳಿ ಬುಸುಗುಟ್ಟುತ್ತದೆ. ಅವ್ವ ಎದ್ದು ನಿನ್ನ ಕಾಲು ಅಲುಗಿಸುತ್ತಾಳೆ. ಡ್ರಮ್ಮು, ಹಂಡೆ, ಕೊಡ, ಕೊನೆಗೆ ಚಹಾದ ಪಾತೇಲಿಯನ್ನೂ ತುಂಬಿಸಿಡುತ್ತೀರಿ. ನಿನ್ನ ಒಂದು ಕೈಯಲ್ಲಿ ಪೈಪು, ಇನ್ನೊಂದರಲ್ಲಿ ಕೆಮಿಸ್ಟ್ರಿ ನೋಟ್ಸು, ಅದರ ಮೇಲೆ ನೀರು ಸಿಡಿದು ಶಾಯಿ ಹರಡಿ ಬೆಂಜೀನ್ ಉಂಗುರ ಅಳಿಸಿಹೋಗಿದೆ. ಓದಿ ಕುರ್ಚಿ ಬಿಟ್ಟು ಎದ್ದೆ ನೋಡವ್ವಾ. ಸವದತ್ತಿಯಿಂದ ಬರೋ ಅದೇ ಮಲಪ್ರಭೆಯ ನೀರು. ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಕೊಡೋದು 2008ರಲ್ಲೇ ಶುರುವಾಯಿತು, ನಿಮ್ಮ ಓಣಿ ಇನ್ನೂ ದಿನ ಎಣಿಸುತ್ತಿದೆ. ನೀನು ಯಾರನ್ನೂ ಬೈದಿಲ್ಲ. ಅಂಥ ವಾರ್ಡಿನಲ್ಲಿರೋ ಗೆಳತಿಯ ಮನೆಗೆ ಹೋಗಿ, ನಳ ತಿರುಗಿಸಿ, ನೀರು ಬಂದದ್ದು ನೋಡಿ, ಸುಮ್ನೆ ಮತ್ತೆ ಬಂದ್ ಮಾಡಿದೆ ಅಂತ ಬರೆದಿದ್ದೀಯ. ಅಷ್ಟೇ ಸಾಕಿತ್ತು.

ಆಮೇಲೆ ಏನು ಮಾಡಿದೆ? "ಓ ಸಮಾಜವೇ, ಎದ್ದೇಳು" ಅಂತ ನಾಲ್ಕು ಸಾಲು ಜೋಡಿಸಿದೆ.

ಯಾಕೆ ಅಂತ ಗೊತ್ತು. ಅಲ್ಲಿ ಚಪ್ಪಾಳೆ ಬೀಳುತ್ತದೆ. ಮುಂದಿನ ಸಾಲಿನಲ್ಲಿ ನಿಮ್ಮ ಕಾರ್ಪೊರೇಟರ್ ಕೂತಿದ್ದಾರೆ ಅಂತ ಇಟ್ಟುಕೋ. ಗೆಳತಿಯ ಮನೆ ನಳದ ಹತ್ತಿರ ಬಂದಾಗ ಅವರು ಕುರ್ಚಿಯಲ್ಲಿ ಸ್ವಲ್ಪ ಮಿಸುಕಾಡುತ್ತಾರೆ. ನೀನು "ಸಮಾಜವೇ" ಅಂದ ತಕ್ಷಣ ಹೋದ ಜೀವ ಬರುತ್ತದೆ, ಎಲ್ಲರಿಗಿಂತ ಮೊದಲು ಅವರೇ ಚಪ್ಪಾಳೆ ತಟ್ಟುತ್ತಾರೆ. ಅವರ ಕೆಲಸ ಮುಗೀತಲ್ಲ. ನಿನಗೊಂದು ಶಾಲು ಹೊದಿಸಿ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ನೀವು ಎಂಟನೇ ದಿನಕ್ಕೆ ಮತ್ತೆ ಪೈಪು ಹಿಡೀರಿ.

ಈ ಚಪ್ಪಾಳೆ, ಶಭಾಷ್‌ಗಿರಿ ಮೇಲೆ ನನಗೆ ಹಳೇ ಸಿಟ್ಟು. ಹುಡುಗನಾಗಿದ್ದಾಗ ಹಾವೇರಿ ಕಡೆ ಒಂದು ಕವಿಗೋಷ್ಠಿಗೆ ಹೋಗಿದ್ದೆ. ಉದ್ಘಾಟನೆ, ಅತಿಥಿಗಳ ಭಾಷಣ, ಸನ್ಮಾನ ಎಲ್ಲ ಮುಗಿದು ಉದಯೋನ್ಮುಖ ಕವಿಗಳ ಸರದಿ ಬರೋ ಹೊತ್ತಿಗೆ ಮಧ್ಯಾಹ್ನ ಒಂದೂವರೆ, ಎದುರಿಗೆ ಖಾಲಿ ಕುರ್ಚಿಗಳು, ಹಿಂದಿನಿಂದ ಸಾರಿನ ವಾಸನೆ. ಮೈಕ್‌ಸೆಟ್‌ನವನು ಬಂದು "ಎಲ್ಲಾರೂ ಊಟಕ್ಕ ಹೋಗ್ಯಾರ್ರಿ, ನೀವೂ ನಡೀರಿ, ವಾಯರ್ ಸುತ್ತಬೇಕು" ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಕೈ ಒರೆಸಿಕೊಳ್ಳುತ್ತಾ ಬಂದ ಅಧ್ಯಕ್ಷರು, ಒಂದು ಸಾಲೂ ಕೇಳದವರು, "ಅದ್ಭುತ" ಅಂತ ನನ್ನ ಬೆನ್ನು ತಟ್ಟಿದರು ನೋಡು, ಅದನ್ನು ಇವತ್ತಿಗೂ ಮರೆತಿಲ್ಲ. ನಿನ್ನ ತೀರ್ಪುಗಾರರು ವಾಸಿ. ಕಿವಿಗೆ ಬಿದ್ದಿದೆ, ಅದಕ್ಕೇ ಸಿಟ್ಟು ಬಂದಿದೆ.

ಇನ್ನು ನಿಮ್ಮ ಗುಂಪಿನ ಆ ಹುಡುಗ ಅಮೆರಿಕದ ಕವಯಿತ್ರಿ ಅಮಾಂಡಾ ಗೋರ್ಮನ್ ವಿಡಿಯೊ ಕಳಿಸಿದ್ದಾನೆ. "ನಮ್ಮ ಊರಿಗೂ ಒಬ್ಬ ಯುವಕವಿಯನ್ನ ಆರಿಸಲಿ ಸರ್" ಅಂತಾನೆ. ಆಕೆಯನ್ನು 2014ರಲ್ಲಿ ಲಾಸ್ ಏಂಜಲೀಸ್‌ನ ಯುವಕವಿ ಅಂತ ಆರಿಸಿದಾಗ 16 ವರ್ಷ. 2021ರ ಜನವರಿಯಲ್ಲಿ ಅವರ ಅಧ್ಯಕ್ಷರ ಪ್ರಮಾಣವಚನದ ದಿನ ಕವಿತೆ ಓದಿದಾಗ 22. ಚೆನ್ನಾಗಿದೆ, ನನಗೂ ಖುಷಿ. ಆದರೆ ಇಲ್ಲಿ ಆರಿಸೋರು ಯಾರು? ನಮ್ಮಂಥ ಮುದುಕರೇ ಅಲ್ವಾ? ಸ್ವಾಗತಗೀತೆ ಹಾಡೋ ಮಕ್ಕಳ ಪಕ್ಕ ನಿಮಗೂ ಒಂದು ಕುರ್ಚಿ ಹಾಕಿಸುತ್ತೇವೆ, ಅಷ್ಟೇ. ಪದವಿ ಕೊಟ್ಟರೆ ಇಸ್ಕೊಳ್ಳಿ. ಓದೋ ಕವಿತೆ ಮೊದಲು ತೋರಿಸಿ ಅಂದರೆ ಎದ್ದು ಬನ್ನಿ.

ಬೇಂದ್ರೆಯವರ ಹೆಸರು ಹೇಳಿ ನಿಮ್ಮ ಬಾಯಿ ಮುಚ್ಚಿಸೋರೂ ಸಿಗುತ್ತಾರೆ, ಧಾರವಾಡದಲ್ಲಿ ಜಾಸ್ತಿ. ಅದೇ ಬೇಂದ್ರೆಯವರು 'ನರಬಲಿ' ಅನ್ನೋ ಕವಿತೆ ಬರೆದದ್ದಕ್ಕೆ 1932ರಲ್ಲಿ ಜೈಲಿಗೆ ಹೋದರು ಅನ್ನೋದನ್ನು ಬ್ರಿಟಿಷರನ್ನು ಬೈಯೋಕೆ ಮಾತ್ರ ನೆನಪಿಸಿಕೊಳ್ಳುತ್ತಾರೆ. ಅಂದಹಾಗೆ ಆಗ ಅವರಿಗೆ 36. ನಿನಗೆ 17. ಎಲ್ಲವನ್ನೂ ಈ ವರ್ಷವೇ ಬರೆದು ಮುಗಿಸಬೇಕಿಲ್ಲ.

ಒಂದು ಕೆಲಸ ಮಾಡಿ. ಮೊದಲ ಓದು ಹಾಲ್‌ನಲ್ಲಿ ಬೇಡ, ನಿಮ್ಮ ಓಣಿಯಲ್ಲೇ ಇಟ್ಟುಕೊಳ್ಳಿ. ಅಲ್ಲಿ ಶಾಲು ತರೋರು ಇರೋದಿಲ್ಲ, ತಪ್ಪು ಹಿಡಿಯೋರು ಇರುತ್ತಾರೆ. ಯಾರಾದರೂ ಒಬ್ಬ ಮುದುಕಿ ನಡುವೆಯೇ ಬಾಯಿ ಹಾಕಿ "ಎಂಟಲ್ಲವಾ, ಹ್ವಾದ ಸಲ ಹತ್ತ ದಿನಾ ಆಗಿತ್ತು" ಅಂದರೆ ಅಲ್ಲೇ ನಿಂತು ತಿದ್ದಿಕೋ. ಆಕೆಗೆ ಕವಿತೆ ಹೇಗಿತ್ತು ಅಂತ ಮಾತ್ರ ಕೇಳಬೇಡ.

ಕರೆದರೆ ನಾನೂ ಬರುತ್ತೇನೆ. ಅಧ್ಯಕ್ಷತೆ ಬೇಡ, ಹಿಂದೆ ಎಲ್ಲಾದರೂ ಕೂರುತ್ತೇನೆ. ಚಹಾ ಇರಲಿ. ಉಳಿದ ಕವಿತೆಗಳ ಬಗ್ಗೆ ನಿಧಾನಕ್ಕೆ ಬರೆಯುತ್ತೇನೆ, ಆ ಬೆಳದಿಂಗಳಿನದ್ದನ್ನು ಮಾತ್ರ ಅಷ್ಟರೊಳಗೆ ಯಾರಿಗೂ ತೋರಿಸಬೇಡ.