ಎಚೆವೇರಿಯಾಕ್ಕೆ ನಮ್ಮ ಬೇಸಿಗೆ ನಿದ್ದೆಯ ಕಾಲ

ಸಂಪಾದಕರಿಗೆ,

ತಮ್ಮ ಪತ್ರಿಕೆಯ ಕೈತೋಟದ ಅಂಕಣದಲ್ಲಿ ಎಚೆವೇರಿಯಾದಂಥ ಸಕ್ಯುಲೆಂಟ್ (ದಪ್ಪ ಎಲೆಯಲ್ಲಿ ನೀರು ಕೂಡಿಡುವ) ಗಿಡಗಳಿಗೆ ‘ದಿನವಿಡೀ ಬಿಸಿಲು, ವಾರಕ್ಕೊಮ್ಮೆ ನೀರು’ ಸಾಕು ಎಂಬ ಸಲಹೆ ಬಂದಿದೆ. ಬೆಂಗಳೂರಿನ ಹವೆಗೆ ಅದು ಹೊಂದೀತು. ಕಲಬುರಗಿ, ಯಾದಗಿರಿಯ ಮಾಳಿಗೆ ಮೇಲೆ ಏಪ್ರಿಲ್‌ನಲ್ಲಿ ಹಾಗೆ ಮಾಡಿದರೆ ತಿಂಗಳು ತುಂಬುವುದರೊಳಗೆ ಗಿಡ ಕೊಳೆತಿರುತ್ತದೆ. ಆಮೇಲೆ ನೀರು ಸಾಲಲಿಲ್ಲವೆಂದು ಮುಂದಿನ ಗಿಡಕ್ಕೆ ಇನ್ನಷ್ಟು ಸುರಿಯುತ್ತಾರೆ. ಇಲ್ಲಿ ಈ ಗಿಡಗಳು ಬಾಯಾರಿ ಸಾಯುವುದು ಅಪರೂಪ. ಅವನ್ನು ಕೊಲ್ಲುವುದು ಬಿಸಿ ರಾತ್ರಿ ಮತ್ತು ಒದ್ದೆ ಬೇರು, ಎರಡೂ ಜೊತೆಗೂಡಿದಾಗ.

ಗುಲಾಬಿ ಪಕಳೆಯಂತೆ ಸುತ್ತು ಸುತ್ತಾಗಿ ಎಲೆ ಕಟ್ಟುವ ಈ ಗಿಡಗಳು ಹಗಲು ಎಲೆರಂಧ್ರ ಮುಚ್ಚಿಕೊಂಡಿದ್ದು, ರಾತ್ರಿ ತಂಪಿನಲ್ಲಿ ತೆರೆದು ಗಾಳಿ ಎಳೆದುಕೊಳ್ಳುತ್ತವೆ. ಎಚೆವೇರಿಯಾದ ಹೆಚ್ಚಿನ ಜಾತಿಗಳ ತವರು ಮೆಕ್ಸಿಕೋದ ಎತ್ತರದ ಬೆಟ್ಟಗಳು. ಅಲ್ಲಿ ಹಗಲು ಸುಟ್ಟರೂ ರಾತ್ರಿ ತಣ್ಣಗಾಗುತ್ತದೆ. ನಮ್ಮಲ್ಲಿ ಮೇ ತಿಂಗಳ ಹಗಲು 42–43 ಡಿಗ್ರಿ; ಮಾಳಿಗೆಯ ಕಾದ ಫರಸಿ (ಹಾಸುಗಲ್ಲು) ನಡುರಾತ್ರಿಗೂ ಆರುವುದಿಲ್ಲ. ರಾತ್ರಿ ತಂಪಾಗದಿದ್ದರೆ ಗಿಡ ಬೆಳವಣಿಗೆ ನಿಲ್ಲಿಸಿ ಸುಮ್ಮನೆ ಕೂಡುತ್ತದೆ, ಬೇರು ನೀರೆಳೆಯುವುದು ಕಡಿಮೆ. ಹಾಗೆ ಕುಂಡದಲ್ಲಿ ಉಳಿದ ನೀರಿನಲ್ಲಿ ಬೇರು ಕೊಳೆಸುವ ಶಿಲೀಂಧ್ರಗಳು ಹಬ್ಬುತ್ತವೆ.

ಆದ್ದರಿಂದ ನಮ್ಮ ಪಂಚಾಂಗವೇ ಬೇರೆ. ಶೀಗಿ ಹುಣ್ಣಿಮೆಯಿಂದ ಶಿವರಾತ್ರಿವರೆಗೆ ಬೆಳೆಯುವ ಕಾಲ. ಕುಂಡ ಬದಲಿಸುವುದು, ಗೊಬ್ಬರ, ಹೊಸ ಗಿಡ ಕೊಳ್ಳುವುದು ಎಲ್ಲ ಆಗಲೇ. ಊದುಬತ್ತಿಯ ಖಾಲಿ ಕಡ್ಡಿಯನ್ನು ತಳದವರೆಗೆ ಚುಚ್ಚಿ ತೆಗೆಯಿರಿ. ಒಣಗಿ ಬಂದರೆ ಮಾತ್ರ ನೀರು, ಅದೂ ತಳದ ತೂತಿನಿಂದ ಹರಿಯುವಷ್ಟು. ಸಾಮಾನ್ಯವಾಗಿ 7ರಿಂದ 10 ದಿನಕ್ಕೊಮ್ಮೆ ಬೇಕಾಗುತ್ತದೆ. ಮಾರ್ಚ್‌ನಿಂದ ಮೇವರೆಗೆ 4 ಇಂಚಿನ ಕುಂಡಕ್ಕೆ ಅರ್ಧ ಚಹಾ ಕಪ್ಪಿನಷ್ಟು, 12–15 ದಿನಕ್ಕೊಮ್ಮೆ, ಸೂರ್ಯ ಮುಳುಗಿ ಕುಂಡ ಮುಟ್ಟಿದರೆ ಬಿಸಿ ಹತ್ತದಂತಾದ ಮೇಲೆ, ಅಂಚಿನ ಸುತ್ತ. ಮೃಗಶಿರಾ ಹಿಡಿಯುವ ಮುನ್ನ ಕುಂಡಗಳನ್ನು ಮಳೆ ಬೀಳದ, ಗಾಳಿಯಾಡುವ ಜಾಗಕ್ಕೆ ಸರಿಸಬೇಕು. ನಮ್ಮಲ್ಲಿ ಮಳೆಯ ಜೋರು ಸೆಪ್ಟೆಂಬರ್‌ನಲ್ಲಿ, ಉತ್ತರಾ–ಹಸ್ತದ ಹೊತ್ತಿಗೆ. ಜೂನ್‌ನಲ್ಲಿ ಬದುಕಿದ ಗಿಡವನ್ನು ನೋಡಿ ಧೈರ್ಯ ಬಂದವರು ಆಗ ಕಳೆದುಕೊಳ್ಳುತ್ತಾರೆ.

ನೀರು ಬೇಕೋ ಬೇಡವೋ ಎಂಬುದನ್ನು ಅತ್ಯಂತ ಕೆಳಗಿನ ಎಲೆ ಹೇಳುತ್ತದೆ. ಅದು ಸುಕ್ಕುಗಟ್ಟಿ ಮೆತ್ತಗಾಗಿ, ಎಳೆದರೂ ಬಾರದೆ ಕಾಂಡಕ್ಕೆ ಅಂಟಿಕೊಂಡಿದ್ದರೆ ಬಾಯಾರಿಕೆ. ಹಳದಿಯಾಗಿ, ಬೇಯಿಸಿದ ಈರುಳ್ಳಿಯಂತೆ ಒಳಗೆ ಬೆಳಕು ಕಾಣುತ್ತ, ಬೆರಳು ತಾಗಿದ ಕೂಡಲೆ ಉದುರಿದರೆ ಕೊಳೆತ ಶುರುವಾಗಿದೆ. ಆಗ ಗಿಡ ಕಿತ್ತು ಕಾಂಡವನ್ನು ಸ್ಪಿರಿಟ್ ಸವರಿದ ಚಾಕುವಿನಿಂದ ಮೇಲ್ಮೇಲಕ್ಕೆ ತೆಳು ಬಿಲ್ಲೆಗಳಾಗಿ ಕತ್ತರಿಸುತ್ತ ಹೋಗಿ, ಪ್ರತಿ ಸಲವೂ ಅಲಗು ಒರೆಸಿ. ಕೊಯ್ದ ಮುಖದಲ್ಲಿ ಕಂದು ಚುಕ್ಕೆ ಒಂದೂ ಇರಬಾರದು. ಸಾಸಿವೆ ಕಾಳಿನಷ್ಟು ಉಳಿದರೂ ಕೊಳೆತ ಮತ್ತೆ ಏರುತ್ತದೆ. ಹಸಿರು ಬಿಳುಪಿನ ಸ್ವಚ್ಛ ಮುಖ ಬಂದ ಮೇಲೆ 4–5 ದಿನ ನೆರಳಲ್ಲಿ ಒಣಗಿಸಿ, ಮುಂದೆ ಹೇಳುವ ಮಣ್ಣಿನ ಮಿಶ್ರಣ ಒಣಗಿರುವಾಗ ಅದರ ಮೇಲೆ ಕೂಡಿಸಿಡಿ. ಚಳಿಗಾಲದಲ್ಲಿ 2ರಿಂದ 4 ವಾರಕ್ಕೆ ಬೇರು ಬರುತ್ತದೆ. ಅಲ್ಲಿಯವರೆಗೆ ನೀರು ಬೇಡ.

ಮಣ್ಣಿನ ವಿಷಯದಲ್ಲಿ ಅಂಕಣ ಹೇಳಿದ ‘ತೋಟದ ಮಣ್ಣು ಅರ್ಧ’ ನಮ್ಮ ಕಡೆ ನಡೆಯದು. ನಮ್ಮ ತೋಟದ ಮಣ್ಣೆಂದರೆ ಎರೆಮಣ್ಣು; ನೆನೆದರೆ ಉಬ್ಬುತ್ತದೆ, ಒಣಗಿದರೆ ಸೀಳಿ ಬೇರು ಹರಿಯುತ್ತದೆ. ಒಂದೇ ಡಬ್ಬಿಯಲ್ಲಿ ಅಳೆದು 3 ಪಾಲು ಇಟ್ಟಂಗಿ ಚೂರು, 2 ಪಾಲು ದಪ್ಪ ಉಸುಕು, 1 ಪಾಲು ಜರಡಿ ಹಿಡಿದ ಎರೆಹುಳು ಗೊಬ್ಬರ ಬೆರೆಸಿ. ಇಟ್ಟಂಗಿ ಚೂರು ಜೋಳದ ಕಾಳಿನಿಂದ ಕಡಲೆ ಕಾಳಿನ ಗಾತ್ರದಲ್ಲಿರಲಿ. ಅದರ ಪುಡಿ ತೊಳೆದು ತೆಗೆಯದಿದ್ದರೆ ತಳಕ್ಕಿಳಿದು ಗಾರೆಯಂತೆ ಗಟ್ಟಿಯಾಗುತ್ತದೆ. ಬೀದರಿನವರಿಗೆ ಕೈಗೆಟುಕುವ ಕೆಂಪು ಮೊರಂ (ಗರಸು ಮಣ್ಣು) ಇಟ್ಟಂಗಿಗೆ ಒಳ್ಳೆಯ ಬದಲಿ, ಇದನ್ನೂ ಜರಡಿ ಹಿಡಿಯಲೇಬೇಕು. ಶಹಾಬಾದ್ ಕಲ್ಲಿನ ಚೂರು ಸುಣ್ಣದ ಕಲ್ಲು. ಕತ್ತಾಳೆ ಜಾತಿಗೆ ಅಡ್ಡಿಯಿಲ್ಲ, ಎಚೆವೇರಿಯಾದ ಕುಂಡಕ್ಕೆ ಬೇಡ. ನಮ್ಮ ಬೋರ್ ನೀರಿನಲ್ಲಿ ಮೊದಲೇ ಸುಣ್ಣ ಜಾಸ್ತಿ. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟುವುದು ಅದರಿಂದಲೇ.

ಕುಂಡದ ತಳಕ್ಕೆ ಎರಡು ಇಂಚು ಖಡಿ (ಜಲ್ಲಿಕಲ್ಲು) ಹಾಕುವ ರೂಢಿಯನ್ನೂ ಬಿಡಬೇಕು. ಸಣ್ಣ ಕಣದ ಮಣ್ಣಿನಲ್ಲಿರುವ ನೀರು, ಮೇಲಿನ ಮಣ್ಣು ಪೂರ್ತಿ ತೊಯ್ದು ತುಂಬುವವರೆಗೆ ಖಡಿಗೆ ಇಳಿಯುವುದಿಲ್ಲ. ತಳದಲ್ಲಿರಬೇಕಿದ್ದ ಒದ್ದೆ ಪದರ ಎರಡು ಇಂಚು ಮೇಲೇರಿ ಬೇರಿಗೇ ತಾಗುತ್ತದೆ. ತೂತಿನ ಮೇಲೆ ಸೊಳ್ಳೆ ಜಾಲರಿಯ ತುಂಡು ಸಾಕು.

ಕುಂಡ ಮಣ್ಣಿನದೇ ಇರಲಿ, ಗಿಡದ ಅಗಲಕ್ಕಿಂತ ಒಂದು ಇಂಚು ಮಾತ್ರ ದೊಡ್ಡದು. ನರ್ಸರಿಯ ಕಪ್ಪು ಪ್ಲಾಸ್ಟಿಕ್ ಕುಂಡ ಮಧ್ಯಾಹ್ನ ಬೇರನ್ನು ಬೇಯಿಸಿಬಿಡುತ್ತದೆ. ಜೊತೆಗೆ ಅದರಲ್ಲಿ ತುಂಬಿ ಬರುವ ತೆಂಗಿನ ನಾರಿನ ಪುಡಿ ಒದ್ದೆಯಾದರೆ ಬೇಗ ಆರುವುದಿಲ್ಲ, ಪೂರ್ತಿ ಒಣಗಿದರೆ ನೀರನ್ನೇ ಹೀರುವುದಿಲ್ಲ. ತಂದ ವಾರದಲ್ಲೇ ಅದನ್ನು ಬೇರಿನಿಂದ ಬಿಡಿಸಿ ತೆಗೆಯಿರಿ. ಪೂರ್ವದ ಬಿಸಿಲು ಒಂಬತ್ತೂವರೆವರೆಗೆ, ಆಮೇಲೆ 50 ಪರ್ಸೆಂಟ್ ಶೇಡ್ ನೆಟ್. ಕುಂಡಗಳನ್ನು ಫರಸಿ ಮೇಲೆ ನೇರ ಇಡದೆ ಇಟ್ಟಂಗಿ ಜೋಡಿಸಿ ಅರ್ಧ ಅಡಿ ಎತ್ತರಿಸಿ. ಎಲೆ ಮೇಲಿನ ಬೂದಿಯಂಥ ಮೇಣ ಬಿಸಿಲಿನಿಂದ ಕಾಯುವ ಪದರ; ಧೂಳೆಂದು ಒರೆಸಬೇಡಿ. ಬೇವಿನೆಣ್ಣೆ ಹೊಡೆದರೂ ಅದು ಹೋಗುತ್ತದೆ. ಎಲೆಸಂದಿಯಲ್ಲಿ ಹಿಟ್ಟು ತಿಗಣೆ ಕಂಡರೆ ಬ್ರಷ್ಷಿನಿಂದ ಸ್ಪಿರಿಟ್ ಹಚ್ಚಿ, ಅದೂ ಸಂಜೆ. ಇರುವೆ ಸಾಲು ಕುಂಡದೊಳಗೆ ಹೋಗುತ್ತಿದ್ದರೆ ಬೇರಿಗೂ ತಿಗಣೆ ಹತ್ತಿರಬಹುದು, ಕಿತ್ತು ನೋಡಿ.

ಎಲ್ಲ ಗಿಡವೂ ಇಲ್ಲಿ ಬಾಳುವುದಿಲ್ಲ. ಯುರೋಪಿನ ಬೆಟ್ಟದ ಸೆಂಪರ್‌ವೈವಮ್, ಕ್ಯಾನರಿ ದ್ವೀಪಗಳ ಏಯೋನಿಯಂ ಚಿತ್ರದಲ್ಲಿ ಚಂದ, ಇಲ್ಲಿ ದುಡ್ಡು ದಂಡ. ಗ್ರಾಪ್ಟೊಪೆಟಲಮ್ ಗಟ್ಟಿ ಗಿಡ, ಬುಡಸಹಿತ ತಿರುಚಿ ಕಿತ್ತ ಒಂದು ಎಲೆಯಿಂದಲೂ ಮರಿ ಕೊಡುತ್ತದೆ. ಹಾವರ್ಥಿಯಾ ಕಿಟಕಿಯ ನೆರಳಿಗೂ ಒಗ್ಗುತ್ತದೆ. ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿರುವ ಬೀದರಿನಲ್ಲಿ ಎಚೆವೇರಿಯಾ ತುಸು ಸುಲಭ.

ಅಂಗಳದಲ್ಲಿ ಒಣ ತೋಟ ಮಾಡುವವರು ಎರೆಭೂಮಿಯಲ್ಲಿ ಗುಂಡಿ ತೋಡಿ ಖಡಿ, ಉಸುಕು ತುಂಬುತ್ತಾರೆ. ಸುತ್ತಲಿನ ಎರೆಮಣ್ಣು ನೀರು ಬಿಡುವುದಿಲ್ಲವಾದ್ದರಿಂದ ಮೊದಲ ದೊಡ್ಡ ಮಳೆಗೆ ಆ ಗುಂಡಿ ಬಾವಿಯಾಗುತ್ತದೆ. ನೆಲ ತೋಡದೆ ಮೇಲೆಯೇ ಒಂದೂವರೆ ಅಡಿ ದಿಬ್ಬ ಕಟ್ಟಬೇಕು: ಜರಡಿ ಹಿಡಿದ ಮೊರಂ 5, ದಪ್ಪ ಉಸುಕು 3, ಗೊಬ್ಬರ 1. ಶಹಾಬಾದ್ ಫರಸಿಯನ್ನು ಅಡ್ಡ ನಿಲ್ಲಿಸಿ ಅಂಚು ಕಟ್ಟಿ, ಸಂದಿಗೆ ಸಿಮೆಂಟ್ ಮೆತ್ತದೆ ನೀರಿಗೆ ದಾರಿ ಬಿಡಿ. ಮೇಲೆ ಹಾಸಲು ಕರಿಕಲ್ಲಿನ ಖಡಿ ಬೇಡ, ಅದು ಕೆಂಡದಂತೆ ಕಾಯುತ್ತದೆ. ಇಲ್ಲಿ ನಾಯಕ ಕತ್ತಾಳೆಯೇ, ಅಗೇವ್ ಅಮೆರಿಕಾನಾ. ಆರು ಅಡಿ ಅಗಲಕ್ಕೆ ಹರಡುವುದರಿಂದ ಗಿಡದಿಂದ ಗಿಡಕ್ಕೆ 2 ಮೀಟರ್ ಬಿಡಿ, ಓಡಾಡುವ ದಾರಿಯಿಂದ ಇನ್ನೂ ದೂರವಿಡಿ. ಎಲೆತುದಿಯ ಮುಳ್ಳು ಮಕ್ಕಳ ಕಣ್ಣಿನ ಮಟ್ಟಕ್ಕೇ ಇರುತ್ತದೆ, ರಸ ಚರ್ಮಕ್ಕೆ ತಾಗಿದರೆ ಉರಿ. ವರ್ಷಗಳ ಮೇಲೆ ಒಮ್ಮೆ ಹೂದಂಡ ಏರಿಸಿ ತಾಯಿಗಿಡ ಸಾಯುತ್ತದೆ. ಅದು ರೋಗವಲ್ಲ, ಬುಡದ ಮರಿಗಳನ್ನು ನೆಟ್ಟುಕೊಳ್ಳಿ.

ಅಂಕಣದಲ್ಲಿ ತಿದ್ದುಪಡಿ ಹಾಕುವುದಾದರೆ ಫೆಬ್ರವರಿ ಮುಗಿಯುವುದರೊಳಗೆ ಹಾಕಿ. ಶರಣಬಸವೇಶ್ವರ ಜಾತ್ರೆಯ ತೇರು ಎಳೆಯುವ ಹೊತ್ತಿಗೆ ಇಲ್ಲಿನ ಮಾಳಿಗೆಗಳ ಮೇಲೆ ಶೇಡ್ ನೆಟ್ ಕಟ್ಟಿರಬೇಕು.

– ಕೈತೋಟದ ಓದುಗರು, ಕಲಬುರಗಿ