ಕ್ಯಾಸಿನೋದವರು ಮೋಸ ಮಾಡ್ತಾರಾ ಅಂತ ಕೇಳಿದ್ದೆಯಲ್ಲ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಗೆಳತಿಯ ಅಣ್ಣ ದುಡ್ಡು ಕಳೆದುಕೊಂಡ ಸುದ್ದಿ ಹೇಳಿ, "ಅಪ್ಪಾ, ನೀನು ಅಲ್ಲೇ ಕೆಲಸ ಮಾಡಿದವನಲ್ವಾ, ಅವರು ಮೋಸ ಮಾಡ್ತಾರಾ?" ಅಂದೆ. ಎರಡು ದಿನದಿಂದ ಅದೇ ತಲೆಯಲ್ಲಿದೆ.

ನಾನು ನಿಲ್ಲುತ್ತಿದ್ದದ್ದು ರೂಲೆಟ್ ಮೇಜಿನಲ್ಲಿ, ತಿರುಗುವ ಚಕ್ರದಲ್ಲಿ ಗುಂಡು ಯಾವ ಸಂಖ್ಯೆಯ ಮನೆಗೆ ಬೀಳುತ್ತದೆ ಅಂತ ಬಾಜಿ ಕಟ್ಟುವ ಆಟ ಅದು. ಅಲ್ಲಿ ಯಾರೂ ಚಕ್ರವನ್ನು ತಿದ್ದಿ ಮೋಸ ಮಾಡುತ್ತಿರಲಿಲ್ಲ ಕಣೇ. ಅದು ಬೇಕಾಗಿಯೂ ಇರಲಿಲ್ಲ. ಚಕ್ರದಲ್ಲಿ ಸೊನ್ನೆ ಸೇರಿ 37 ಮನೆ. ಒಂದೊಂದು ಮನೆಗೂ ಒಂದೊಂದು ಚಿಪ್, ಅಂದರೆ ದುಡ್ಡಿನ ಬದಲು ಇಡುವ ಬಿಲ್ಲೆ, ಇಟ್ಟೆ ಅಂದುಕೋ. ಗುಂಡು ಎಲ್ಲಿ ಬಿದ್ದರೂ ಗೆದ್ದವಳು ನೀನೇ. ಗೆದ್ದ ಚಿಪ್ಪಿಗೆ 35 ಕೊಡುತ್ತೇವೆ, ಆ ಚಿಪ್ಪೂ ನಿನಗೇ ವಾಪಸ್. ಇಟ್ಟಿದ್ದು 37, ಬಂದಿದ್ದು 36. ಆ ಒಂದು ಚಿಪ್ಪಿನಲ್ಲೇ ಇಡೀ ವ್ಯಾಪಾರ ನಡೆಯುತ್ತದೆ. ನೂರಕ್ಕೆ 2.7. ಅಮೆರಿಕದ ಚಕ್ರದಲ್ಲಿ ಎರಡು ಸೊನ್ನೆ (00) ಬರೆದ ಇನ್ನೊಂದು ಮನೆ ಇರುತ್ತದೆ, ಕೊಡುವುದು ಮಾತ್ರ ಅದೇ 35. ಅಲ್ಲಿ ನೂರಕ್ಕೆ 5.26 ಹೋಗುತ್ತದೆ. ಎಲ್ಲ ಕಣ್ಣೆದುರೇ ಇದೆ, ಮುಚ್ಚುಮರೆ ಇಲ್ಲ. ಇಷ್ಟರ ಮಟ್ಟಿಗೆ ನ್ಯಾಯ ಅನ್ನಬಹುದು.

ಸ್ಲಾಟ್ ಮಷೀನಿನಲ್ಲಿ ಅಷ್ಟೂ ಇಲ್ಲ. ಒಳಗಿನ ಲೆಕ್ಕ ಆಡುವವರಿಗೆ ಕಾಣುವುದೇ ಇಲ್ಲ. 20 ನಾಣ್ಯ ಕಟ್ಟಿದವರಿಗೆ 8 ವಾಪಸ್ ಬಂದರೂ ದೀಪ ಮಿನುಗುತ್ತದೆ, ಸಂಗೀತ ಮೊಳಗುತ್ತದೆ. 12 ನಾಣ್ಯ ಹೋಯಿತು ಅಂತ ಎಷ್ಟೋ ಜನರಿಗೆ ಅನ್ನಿಸುವುದೇ ಇಲ್ಲ.

ಆದರೆ ನನ್ನನ್ನು ಕಾಡುವುದು ಮಷೀನೂ ಅಲ್ಲ, ಚಕ್ರವೂ ಅಲ್ಲ. ಅಲ್ಲಿ ಯಾರನ್ನು ತಡೆಯುತ್ತಾರೆ, ಯಾರನ್ನು ತಡೆಯುವುದಿಲ್ಲ ಅನ್ನುವುದು.

ಪಕ್ಕದಲ್ಲಿ ಬ್ಲ್ಯಾಕ್‌ಜಾಕ್ ಅನ್ನೋ ಇಸ್ಪೀಟು ಆಟದ ಮೇಜಿಗೆ ಒಬ್ಬ ಹುಡುಗ ಬರುತ್ತಿದ್ದ. ಬಿದ್ದ ಎಲೆಗಳನ್ನು ನೆನಪಿಟ್ಟುಕೊಂಡು, ದೊಡ್ಡ ಎಲೆಗಳು ಜಾಸ್ತಿ ಉಳಿದಾಗ ಮಾತ್ರ ದೊಡ್ಡ ಬಾಜಿ ಕಟ್ಟುತ್ತಿದ್ದ. ಬರೀ ತಲೆಯಲ್ಲಿ ಲೆಕ್ಕ ಇಟ್ಟರೆ ಅದು ಮೋಸ ಅಲ್ಲ. ಮೂರನೇ ರಾತ್ರಿ ಇಬ್ಬರು ಬಂದು ಅವನ ಹೆಗಲು ಮುಟ್ಟಿದರು. "ನಿಮ್ಮ ಆಟ ಇಲ್ಲಿಗೆ ಸಾಕು" ಅಂದರು. ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಇಂಥದ್ದೇ ವಿಷಯ ಕೋರ್ಟಿಗೆ ಹೋಗಿ, ಎಲೆ ಲೆಕ್ಕ ಇಡುತ್ತಾರೆ ಅನ್ನೋ ಕಾರಣಕ್ಕೆ ಕ್ಯಾಸಿನೋದವರು ತಾವಾಗಿ ಯಾರನ್ನೂ ಹೊರಗೆ ಹಾಕುವಂತಿಲ್ಲ ಅಂತ 1982ರಲ್ಲಿ ತೀರ್ಪು ಬಂತು. ಎಲ್ಲ ಕಡೆ ಹಾಗಿಲ್ಲ. ಅಲ್ಲಿನದೇ ಇನ್ನೊಂದು ರಾಜ್ಯ ನೆವಾಡಾದಲ್ಲಿ ಈಗಲೂ ಹೊರಗೆ ಕಳಿಸಿಬಿಡುತ್ತಾರೆ.

ನನ್ನ ಮೇಜಿಗೆ ಒಬ್ಬರು ವಯಸ್ಸಾದವರು ಬರುತ್ತಿದ್ದರು. ಬಿದ್ದ ಪ್ರತಿ ಸಂಖ್ಯೆಯನ್ನೂ ಒಂದು ಕಾರ್ಡಿನಲ್ಲಿ ಬರೆದುಕೊಳ್ಳುವರು. ಗುಂಡಿಗೆ ನೆನಪಿಲ್ಲ, ಹಿಂದೆ ಏನು ಬಿತ್ತು ಅನ್ನುವುದರಿಂದ ಮುಂದಿನದು ಗೊತ್ತಾಗುವುದಿಲ್ಲ. 1913ರಲ್ಲಿ ಮಾಂಟೆ ಕಾರ್ಲೋ ಕ್ಯಾಸಿನೋದಲ್ಲಿ ಸತತ 26 ಸಲ ಗುಂಡು ಕಪ್ಪು ಬಣ್ಣದ ಮನೆಗೇ ಬಿತ್ತು, ಇನ್ನೇನು ಕೆಂಪು ಬಂದೇ ಬರುತ್ತದೆ ಅಂತ ಕಟ್ಟುತ್ತಾ ಹೋದವರು ಬರಿಗೈಯಾದರು. ಇದು ನಮಗೆಲ್ಲ ಗೊತ್ತಿತ್ತು. ಆದರೂ ಆ ಕಾರ್ಡು, ಆ ಮೋಟು ಪೆನ್ಸಿಲ್ಲು ಕೊಡುತ್ತಿದ್ದವರು ನಾವೇ ಪುಟ್ಟಿ. ಹಿಂದಿನ ಸಂಖ್ಯೆಗಳನ್ನು ಬೋರ್ಡಿನಲ್ಲಿ ತೋರಿಸುತ್ತಿದ್ದವರೂ ನಾವೇ. ಅವರು ಸೋತಷ್ಟೂ ಉಪಚಾರ ಜಾಸ್ತಿಯಾಗುತ್ತಿತ್ತು. ಊಟ ಪುಕ್ಕಟೆ, ರೂಮೂ ಪುಕ್ಕಟೆ. ಒಂದು ರಾತ್ರಿ ಚಿಪ್ ಜೋಡಿಸಲಾಗದಷ್ಟು ಅವರ ಕೈ ನಡುಗುತ್ತಿತ್ತು. ಅವರ ಚಿಪ್ಪುಗಳನ್ನು ನಾನೇ ಜೋಡಿಸಿಕೊಟ್ಟೆ. ಅವರ ಹೆಗಲು ಮುಟ್ಟಿ ಸಾಕು ಅನ್ನಲು ಯಾರೂ ಬರಲಿಲ್ಲ. ನಾನೂ ಅನ್ನಲಿಲ್ಲ.

ಆಮೇಲೆ ಹೆಚ್ಚು ದಿನ ನಾನು ಅಲ್ಲಿ ಇರಲಿಲ್ಲ. ಬಿಟ್ಟಿದ್ದು ಯಾಕೆ ಅಂತ ನೀನು ಚಿಕ್ಕವಳಿದ್ದಾಗ ಕೇಳಿದಾಗಲೆಲ್ಲ ರಾತ್ರಿ ಪಾಳಿ ಆಗಲ್ಲ ಅಂತ ಹೇಳುತ್ತಿದ್ದೆ, ನೆನಪಿದೆಯಾ?

ನಿನ್ನ ಗೆಳತಿಗೆ ಒಂದು ವಿಷಯ ತಿಳಿಸು. "ನನ್ನನ್ನು ಒಳಗೆ ಬಿಡಬೇಡಿ" ಅಂತ ಆಡುವವರೇ ಬರೆದುಕೊಡುವ ಏರ್ಪಾಡು ಬಹಳ ಕಡೆ ಇದೆ. ಅವಳ ಅಣ್ಣನಿಗೆ ಒಪ್ಪಿಗೆಯಿದ್ದರೆ ನನಗೆ ಫೋನ್ ಮಾಡಲಿ. ಎಷ್ಟು ಹೊತ್ತಿಗಾದರೂ ಸರಿ. ಪಕ್ಕದಲ್ಲಿ ಕೂತು ಬರೆಸುತ್ತೇನೆ.

ನಿನ್ನ,
ಅಪ್ಪ